ಹೇಳಿ ಮುಗಿಸುವ ಮೊದಲೇ ಎದ್ದವನು

ಅವನ ಅಕ್ಕನಿದ್ದ ಊರಿಗೆ ವಿಮಾನದ ಟಿಕೆಟ್ ಕೊಂಡು ಹೋದರೆ ಎರಡು ತಿಂಗಳ ಸಂಬಳ. ರೈಲಾದರೆ ಅರ್ಧ ವಾರದ ಮನೆಖರ್ಚು, ಅದರ ಮೇಲೆ ಎರಡು ರಾತ್ರಿಯ ಬೆನ್ನುನೋವು. ವಿಮಾನ ಕಂಪನಿಯಲ್ಲಿ ಕೆಲಸ ಮಾಡುವವನಿಗೆ ಸಿಗುವ ಸ್ಟ್ಯಾಂಡ್‌ಬೈ ಟಿಕೆಟ್ಟಿಗೆ ಮಾತ್ರ ಒಂದು ಜೊತೆ ಸಾಧಾರಣ ಚಪ್ಪಲಿಯ ಬೆಲೆ. ಇಷ್ಟು ಅಗ್ಗಕ್ಕೆ ಯಾರಾದರೂ ಆಕಾಶದಲ್ಲಿ ಕರೆದುಕೊಂಡು ಹೋಗುತ್ತಾರೆ ಎಂದರೆ ಅದರಲ್ಲಿ ಒಂದು ಕೊಕ್ಕೆ ಇರಲೇಬೇಕು. ಇದೆ. ದುಡ್ಡು ಕೊಟ್ಟವರೆಲ್ಲ ಕೂತ ಮೇಲೆ ಸೀಟು ಉಳಿದರೆ ನೀನು ಕೂರು. ಉಳಿಯದಿದ್ದರೆ ವಿಮಾನಕ್ಕೆ ಕೈಬೀಸಿ ಮನೆಗೆ ಹೋಗು. ಚಪ್ಪಲಿಗೆ ದುಡ್ಡು ಕೊಟ್ಟವನಿಗೆ ಚಪ್ಪಲಿಯಾದರೂ ಸಿಗುತ್ತದೆ.

ಈ ಟಿಕೆಟ್ಟಿನ ಮರ್ಮವನ್ನು ಪೈಲಟ್ಟಿನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಪೈಲಟ್ ಅಂದರೆ ವಿಮಾನ ಓಡಿಸುವವನಲ್ಲ. ಓಡಿಸುವುದಿರಲಿ, ಸೈಕಲ್ಲಿನಲ್ಲಿ ತಿರುವು ಬಂದರೆ ಇಳಿದು ತಳ್ಳುವ ಆಸಾಮಿ. ಕೂರುತ್ತಿದ್ದದ್ದು ಕಳೆದುಹೋದ ಪೆಟ್ಟಿಗೆಗಳ ಕಿಟಕಿಯಲ್ಲಿ. 'ನನ್ನ ಪೆಟ್ಟಿಗೆ ಬರಲಿಲ್ಲ' ಎಂದು ಕೂಗಾಡುವವರಿಗೆ 'ಬರುತ್ತೆ ಸರ್' ಎನ್ನುವುದು ಅವನ ಕೆಲಸ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರಿನ ಚಿಕ್ಕಮ್ಮ ಯಾರಿಗೋ 'ನಮ್ಮ ಹುಡುಗ ವಿಮಾನದಲ್ಲಿದ್ದಾನೆ' ಎಂದಳು. ಕೇಳಿದವರು ಅವನನ್ನು ಒಂದು ಸೀಟು ಮುಂದೆ ತಳ್ಳಿದರು, ಅವರಿಂದ ಕೇಳಿದವರು ಇನ್ನೊಂದು ಸೀಟು ಮುಂದೆ ತಳ್ಳಿದರು. ಹೀಗೆ ತಳ್ಳುತ್ತಾ ತಳ್ಳುತ್ತಾ ಬೀದಿಯವರು, ಬಳಗದವರು ಸೇರಿ ಅವನನ್ನು ವಿಮಾನದ ಮೂತಿಯಲ್ಲಿ ಕೂರಿಸಿಬಿಟ್ಟರು. ಅವನು ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಕರೆಯುವವರ ಬಾಯಿ ಸಿಹಿಯಾಗಿರುವಾಗ ತಾನೇಕೆ ಉಪ್ಪು ಹಾಕಲಿ ಎಂದು ಸುಮ್ಮನಿದ್ದ.

ಆಫೀಸಿನಲ್ಲಿ ಅವನ ದೊಡ್ಡಸ್ತಿಕೆಯೇ ಬೇರೆ. ಅಲ್ಲಿ ಅವನು ಬಿಟ್ಟಿ ಪ್ರಯಾಣದ ಮರ್ಯಾದೆಗೆ ಮೇಷ್ಟ್ರು. ಹೊಸದಾಗಿ ಸೇರಿದವರನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದ. "ಒಳ್ಳೇ ಬಟ್ಟೆ ಹಾಕ್ಕೊಂಡು ಬನ್ನಿ. ನಾನೂ ಇಲ್ಲೇ ಕೆಲಸ ಮಾಡೋನು ಅಂತ ಯಾವ ಪ್ರಯಾಣಿಕನಿಗೂ ಹೇಳ್ಬೇಡಿ, ಹೇಳಿದ್ರೋ ಅವನ ಮೂರು ತಲೆಮಾರಿನ ದೂರು ನಿಮ್ಮ ತಲೆ ಮೇಲೆ. ಕಾಫಿ ತಂದ್ರೆ ಕುಡೀರಿ, ತರದಿದ್ರೆ ಬಾಯಾರಿಕೆ ಇಲ್ಲ ಅಂದ್ಕೊಳ್ಳಿ. ಕೌಂಟರ್ ಮುಂದೆ ನಿಂತು ಮನೆ ಕಷ್ಟ ಹೇಳ್ಕೋಬೇಡಿ, ಎಲ್ಲರ ಮನೇಲೂ ಕಷ್ಟ ಇರುತ್ತೆ. ಏಳಿ ಅಂದ್ರೆ ಎದ್ದುಬಿಡಿ. ಯಾಕೆ ಅಂತ ಕೇಳೋ ಹಾಗಿಲ್ಲ. ಎರಡನೇ ಸಲ ಹೇಳಿಸ್ಕೊಂಡ್ರೆ ನಮ್ಮ ಮರ್ಯಾದೆ ಮೂರು ಕಾಸು."

ಇದು ಬರೀ ಬಾಯಿಮಾತಲ್ಲ. ಒಮ್ಮೆ ಅವನು ವಿಮಾನದಲ್ಲಿ ಕೂತು ಬಿಸ್ಕತ್ತು ಬಾಯಿಗಿಟ್ಟಿದ್ದಾಗ ಯಾರೋ ದುಡ್ಡು ಕೊಟ್ಟವರು ಓಡಿ ಬಂದರು. ಇವನು ಬಿಸ್ಕತ್ತು ಅಗಿಯಲೂ ನಿಲ್ಲದೆ ಎದ್ದು, ಕಚ್ಚಿಕೊಂಡೇ ಇಳಿದು ಬಂದಿದ್ದ. ಮ್ಯಾನೇಜರು ಅದನ್ನು ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೊಗಳಿದ್ದರು. ಮನುಷ್ಯನನ್ನು ಬೈದರೆ ಒಂದು ದಿನ ನೆನಪಿಟ್ಟುಕೊಳ್ಳುತ್ತಾನೆ, ಮೀಟಿಂಗಿನಲ್ಲಿ ಹೊಗಳಿದರೆ ಅದಕ್ಕಾಗಿಯೇ ಹಾಳಾಗುತ್ತಾನೆ.

ಒಂದು ಬೆಳಗ್ಗೆ ಭಾವನ ಫೋನು ಬಂತು.

"ಏನಪ್ಪಾ ಪೈಲಟ್ಟೂ, ನಿಮ್ಮಕ್ಕನಿಗೆ ಜಾಸ್ತಿಯಾಗಿದೆ. ಆಸ್ಪತ್ರೇಲಿದ್ದಾಳೆ. ಡಾಕ್ಟರು ಬರೋರನ್ನ ಬೇಗ ಕರೆಸಿ ಅಂದ್ರು." ಭಾವ ಜೋರು ಬಾಯಿಯ ಮನುಷ್ಯ, ಅಳುವಾಗಲೂ ಜಗಳವಾಡಿದ ಹಾಗೇ ಕೇಳುತ್ತಿತ್ತು. "ಕಣ್ಣು ಬಿಟ್ಟಾಗೆಲ್ಲ ನಿನ್ನನ್ನೇ ಕೇಳ್ತಾಳೆ. ನಿನಗೇನು ಬಿಡು, ರೈಲಿಗೆ ಕಾಯಬೇಕಾ, ಬಸ್ಸಿಗೆ ಕಾಯಬೇಕಾ. ನಿನ್ನದೇ ವಿಮಾನ. ಮಧ್ಯಾಹ್ನದ ಹೊತ್ತಿಗೆ ಬರ್ತಾನೆ ಅಂತ ಅವಳಿಗೆ ಹೇಳಿಬಿಟ್ಟಿದ್ದೀನಿ."

ಅಕ್ಕ ಅಂದರೆ ಅವನಿಗೆ ಬರೀ ಅಕ್ಕನಲ್ಲ. ತಾಯಿ ಹೋದಾಗ ಇವನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ವಯಸ್ಸು. ಗುಂಡಿ ಹಾಕಿದವಳು, ಮೂಗು ಒರೆಸಿದವಳು, ಲೆಕ್ಕ ಬಾರದಿದ್ದಾಗ ತಲೆಗೆ ಮೊಟಕಿದವಳು, ಮೊಟಕಿದ್ದಕ್ಕೆ ತಾನೇ ಅತ್ತವಳು, ಎಲ್ಲ ಅವಳೇ.

ಹೆಂಡತಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳು. "ರೀ, ನನ್ನ ಮಾತು ಕೇಳಿ. ಈ ಸಲ ದುಡ್ಡು ಕೊಟ್ಟು ಟಿಕೆಟ್ ತಗೊಳ್ಳಿ. ಸಾಲ ಆದ್ರೆ ಆಗಲಿ, ತೀರಿಸೋಣ."

"ನಾನು ಟಿಕೆಟ್ ಕೊಂಡು ಹೋಗೋದಾ?" ಬಾವಿಕಟ್ಟೆಯವನಿಗೆ ನೀರು ಕೊಂಡುಕೋ ಎಂದ ಹಾಗೆ ಅವಳನ್ನು ನೋಡಿದ. "ನೋಡಿದೋರು ಏನಂದಾರು? ಮೂರು ವಿಮಾನ ಇವೆ ಕಣೇ ಆ ಊರಿಗೆ. ಬೆಳಗಿನದ್ದು ಹೋಯ್ತು, ಇನ್ನೂ ಎರಡಿವೆ. ಒಂದು ಸೀಟು ಸಿಗಲ್ವಾ?"

"ಸಿಗದಿದ್ರೆ?"

"ಅಪಶಕುನ ನುಡೀಬೇಡ."

ಮರ್ಯಾದೆಯ ಮೊದಲನೇ ಪಾಠ ಒಳ್ಳೆಯ ಬಟ್ಟೆ. ಅವನ ಮದುವೆಯ ಕೋಟಿನೊಳಗೆ ಈಗ ಅವನ ಅರ್ಧಭಾಗ ಮಾತ್ರ ಹಿಡಿಯುತ್ತಿತ್ತು. ಎದುರುಮನೆ ವಕೀಲರ ಕರಿಕೋಟು ಬಂತು. ಹಾಕಿಕೊಂಡು ಬೀದಿಗಿಳಿದದ್ದೇ ತಡ, ಸುದ್ದಿ ಹಬ್ಬಿತು. ದರ್ಜಿ ಹೊಲಿಗೆ ಬಿಟ್ಟು ಬಂದ. ಹಾಲಿನವಳು ಬಂದಳು.

"ಯೂನಿಫಾರಂ ಹಾಕ್ಕೊಂಡು ಹೊರಟ್ರಲ್ಲ, ದೂರಾನಾ?" ಎಂದಳು ಹಾಲಿನವಳು.

"ಅಕ್ಕನಿಗೆ ಹುಷಾರಿಲ್ಲ."

"ಅಯ್ಯೋ. ಜೋರಾಗಿ ಓಡಿಸ್ಕೊಂಡು ಹೋಗಿ ಹಾಗಾದ್ರೆ!"

ಅವನು ಹೂಂ ಎಂದ. ಅಂಥ ಗಳಿಗೆಯಲ್ಲೂ ಅಲ್ಲ ಎನ್ನಲು ಬಾಯಿ ಬರಲಿಲ್ಲ. ದರ್ಜಿ ಆ ಊರಿನಲ್ಲಿರುವ ತನ್ನ ಷಡ್ಡಕನಿಗೆ ಒಂದು ಪ್ಯಾಂಟು ಕೊಟ್ಟು ಕಳಿಸಬಹುದೇ ಎಂದು ಕೇಳಿದ. ಹೆಂಡತಿ ದುರುಗುಟ್ಟಿ ನೋಡಿದ ಮೇಲೆ ಪ್ಯಾಂಟು ವಾಪಸ್ಸು ಹೋಯಿತು.

ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ ಅವನ ಶಿಷ್ಯೆಯೇ. ಅವನಿಂದ ಪಾಠ ಹೇಳಿಸಿಕೊಂಡು ಕೆಲಸಕ್ಕೆ ಕೂತವಳು. "ಅಣ್ಣಾ, ಮಧ್ಯಾಹ್ನದ್ದು ತುಂಬಿ ತುಳುಕ್ತಿದೆ. ಏನು ವಿಶೇಷ? ಕೋಟು ಬೇರೆ!"

"ವಿಶೇಷ ಏನಿಲ್ಲಮ್ಮ. ಉಳಿದ್ರೆ ಕೊಡು, ಇಲ್ಲದಿದ್ರೆ ಸಂಜೆದು ಇದೆಯಲ್ಲ."

ಉಳಿಯಲಿಲ್ಲ. ಗಾಜಿನಾಚೆ ಮಧ್ಯಾಹ್ನದ ವಿಮಾನ ಮೂತಿ ತಿರುಗಿಸಿಕೊಂಡು ಹೊರಟಿತು. ಇವನು ಮುಖದಲ್ಲಿ ನಗು ಇಟ್ಟುಕೊಂಡೇ ನಿಂತಿದ್ದ. ಸೀಟು ಸಿಗದಿದ್ದಾಗ ನಗಬೇಕೆನ್ನುವುದೂ ಅವನದೇ ಪಾಠ. ಅಷ್ಟರಲ್ಲಿ ಭಾವನ ಫೋನು.

"ಎಲ್ಲಿದ್ದೀಯೋ?"

"ಏರ್‌ಪೋರ್ಟಲ್ಲೇ ಭಾವ. ವಿಮಾನ ಸ್ವಲ್ಪ ತಡ ಅಂತೆ."

"ತಡವಾದ್ರೇನು, ನಿನ್ನ ಬಿಟ್ಟು ಹೊರಡುತ್ತಾ? ಏ ಕೇಳಿಸ್ತೇನೇ," ಭಾವ ಪಕ್ಕಕ್ಕೆ ತಿರುಗಿ ಹೇಳಿದ್ದು ಇವನಿಗೂ ಕೇಳಿತು, "ಪೈಲಟ್ಟು ಏರ್‌ಪೋರ್ಟಲ್ಲಿದ್ದಾನಂತೆ!" ಆ ಕಡೆಯಿಂದ ಸಣ್ಣಗೆ ಏನೋ ಧ್ವನಿ ಬಂತು. "ಊಟ ಮಾಡ್ಕೊಂಡು ಹೊರಡಕ್ಕೆ ಹೇಳಿ ಅಂತಿದ್ದಾಳೆ," ಎಂದು ಭಾವ ಫೋನಿಟ್ಟ.

ಅವನು ಹೋಗಿ ಕುರ್ಚಿಯ ಮೇಲೆ ಕೂತ. ಪಕ್ಕದಲ್ಲಿ ಸಂಜೆಯ ವಿಮಾನಕ್ಕೆ ಬೇಗ ಬಂದಿದ್ದ ಮರದ ವ್ಯಾಪಾರಿಯೊಬ್ಬ ಇದ್ದ. ಅವನನ್ನು ನೋಡುತ್ತಿದ್ದಂತೆ ಪೈಲಟ್ ಮುಖವನ್ನು ಗಾಜಿನ ಕಡೆ ತಿರುಗಿಸಿಕೊಂಡ. ಕಳೆದ ತಿಂಗಳು ಇದೇ ವ್ಯಾಪಾರಿ ಹಿಡಿ ಕಿತ್ತುಹೋದ ಪೆಟ್ಟಿಗೆಯನ್ನು ಕಿಟಕಿಯ ಮುಂದೆ ಇಟ್ಟು ರಂಪ ಮಾಡಿದ್ದ. ಆಗ ಇವನು 'ನಿಮ್ಮ ಪೆಟ್ಟಿಗೆ ಮೊದಲಿಂದಲೂ ಹೀಗೇ ಇತ್ತೇನೋ ಸರ್' ಎಂದು ಹೇಳಿ ಬೈಸಿಕೊಂಡಿದ್ದ. ಕರಿಕೋಟಿನ ಮಹಿಮೆ, ವ್ಯಾಪಾರಿಗೆ ಗುರುತೇ ಹತ್ತಲಿಲ್ಲ.

"ನೋಡಿ ಸ್ವಾಮಿ, ಇದೊಂದು ಕಂಪನಿನಾ? ನನ್ನ ಪೆಟ್ಟಿಗೆ ಹಿಡಿ ಕಿತ್ತುಹಾಕಿದ್ರು. ಕೇಳೋಕೆ ಹೋದ್ರೆ ಆ ಕಿಟಕೀಲೊಬ್ಬ ಕೂತಿರ್ತಾನೆ, ಕೋತಿ ಮುಖದೋನು, ಹಿಡಿ ಹುಟ್ಟಿದಾಗಿಂದ್ಲೇ ಇರಲಿಲ್ಲ ಅಂದ!"

"ಛೇ ಛೇ," ಎಂದ ಪೈಲಟ್.

"ಅಂಥೋರನ್ನ ಕೆಲಸದಿಂದ ಕಿತ್ತು ಬಿಸಾಕ್ಬೇಕು, ಏನಂತೀರಿ?"

"ಹೂಂ," ಎಂದ ಪೈಲಟ್. ತನ್ನ ಕೆಲಸ ತಾನೇ ಹೀಗೆ ಕಳೆದುಕೊಂಡವನು ಆ ನಿಲ್ದಾಣದ ಚರಿತ್ರೆಯಲ್ಲಿ ಮತ್ತೊಬ್ಬನಿರಲಿಲ್ಲ.

"ತಾವು ಎಲ್ಲಿ ಕೆಲಸ ಮಾಡೋದು?"

ಹೇಳುವ ಹಾಗಿಲ್ಲವಲ್ಲ. "ಹೀಗೇ... ಇಲ್ಲೇ ಅಲ್ಲಿ ಇಲ್ಲಿ ನೋಡ್ಕೊಂಡು..."

ವ್ಯಾಪಾರಿ ಕರಿಕೋಟು ನೋಡಿದ. ದೂರಿಗೆಲ್ಲ ಹೂಂ ಎಂದದ್ದು ನೆನೆದ. ಕೆಲಸ ಹೇಳದೆ ಜಾರಿಕೊಂಡದ್ದನ್ನೂ ಸೇರಿಸಿಕೊಂಡ. ಮರ ನೋಡಿ ಎಷ್ಟು ಹಲಗೆ ಬೀಳುತ್ತದೆಂದು ಹೇಳುವ ಮನುಷ್ಯ, ಇಷ್ಟು ಲೆಕ್ಕ ಹಾಕಲಾರನೇ? ಎದ್ದು ಹೋಗಿ ನಾಲ್ಕು ಜನರ ಕಿವಿಯಲ್ಲಿ ಹೇಳಿದ: "ಮೇಲಿನ ಆಫೀಸಿಂದ ಗುಟ್ಟಾಗಿ ತಪಾಸಣೆಗೆ ಬಂದಿದ್ದಾರೆ. ದೂರಿದ್ರೆ ಹೋಗಿ ಹೇಳ್ಕೊಳ್ಳಿ. ಭಾರಿ ಒಳ್ಳೇ ಮನುಷ್ಯ, ಎಲ್ಲಾ ಕೇಳಿಸ್ಕೋತಾರೆ."

ಪೈಲಟ್ಟಿನ ಮುಂದೆ ಸಾಲು ನಿಂತಿತು. ಒಬ್ಬಾಕೆ ಕಾಫಿ ಬಿಸಿಯಿಲ್ಲವೆಂದಳು. ಒಬ್ಬ ಮುದುಕರು ಸೀಟಿನ ಪಟ್ಟಿ ತಮ್ಮ ಹೊಟ್ಟೆಗೆ ಸುತ್ತಿ ಬರುವುದಿಲ್ಲವೆಂದರು. ಎಲ್ಲರಿಗೂ ಅವನು ತಲೆದೂಗಿದ. ದೂರು ಕೇಳುವುದು ಅವನ ಹೊಟ್ಟೆಪಾಡು, ಕೇಳುವ ವರಸೆ ಮೈಗೆ ಹತ್ತಿತ್ತು. ಮನಸ್ಸು ಮಾತ್ರ ಆಸ್ಪತ್ರೆಯ ಮಂಚದ ಕಾಲುದೆಸೆಯಲ್ಲಿ ನಿಂತಿತ್ತು. ಗುಡಿಸುವವನು ಅವನ ಕಾಲಬುಡದಲ್ಲೇ ಪದೇ ಪದೇ ಒರೆಸಿದ. ಎಲ್ಲಿಂದಲೋ ಟ್ರೇ ಮೇಲೆ ಚಹ ಬಂತು, ಎಷ್ಟೋ ವರ್ಷದಿಂದ ಅಲ್ಲೇ ದುಡಿಯುವವನಿಗೆ ಅವತ್ತು ಮೊದಲ ಸಲ ತಟ್ಟೆಯ ಮೇಲೆ ಕಪ್ಪಿಟ್ಟು ಕೊಟ್ಟರು.

ಸುದ್ದಿ ಮುಟ್ಟಿ ಮ್ಯಾನೇಜರು ಗುಂಡಿ ಹಾಕಿಕೊಳ್ಳುತ್ತಾ ಓಡಿ ಬಂದರು. ಬಾಗಿ, ಎರಡೂ ಕೈ ಮುಂದೆ ಚಾಚಿ, "ಸರ್, ತಾವು ಬರೋದು ಮೊದಲೇ ತಿಳಿಸಿದ್ರೆ..." ಎಂದು ತಲೆ ಎತ್ತಿದವರು ಹಾಗೇ ನಿಂತರು. ಚಾಚಿದ ಕೈ ಎಲ್ಲಿಡಬೇಕೆಂದು ತಿಳಿಯದೆ ಅವನ ಹೆಗಲ ಮೇಲಿಟ್ಟರು.

"ನೀನಾ?" ಹಲ್ಲು ಬಿಗಿದುಕೊಂಡು ಪಿಸುಗುಟ್ಟಿದರು. "ಯಾರದಯ್ಯಾ ಈ ಕೋಟು?"

"ವಕೀಲರದ್ದು ಸರ್. ನಾನೇನೂ ಹೇಳ್ಲಿಲ್ಲ ಸರ್, ಅವರೇ..."

"ಸರಿ ಸರಿ, ನಗಬೇಡ. ಎಲ್ಲಿಗೆ ಹೊರಟಿದ್ದೀಯ? ಏನಾದ್ರೂ ಅರ್ಜೆಂಟಾ?"

ಇಲ್ಲಿ ಒಂದು ಮಾತು ಹೇಳಲೇಬೇಕು. ಮನೆಯವರ ಜೀವಕ್ಕೆ ಕುತ್ತು ಬಂದಿದ್ದರೆ ನೌಕರನಿಗೆ ಒಂದು ಸೀಟು ಗಟ್ಟಿಯಾಗಿ ಕೊಡುವ ಅಧಿಕಾರ ಮ್ಯಾನೇಜರಿಗಿತ್ತು. ಅದು ಪೈಲಟ್ಟಿಗೂ ಗೊತ್ತಿತ್ತು. 'ನಮ್ಮಕ್ಕ ಸಾಯ್ತಿದ್ದಾಳೆ ಸರ್', ಇಷ್ಟು ಅಂದಿದ್ದರೆ ಸಾಕಾಗಿತ್ತು. ಆದರೆ ಸುತ್ತ ಶಿಷ್ಯರಿದ್ದರು, ಕೌಂಟರಿನ ಹುಡುಗಿ ನೋಡುತ್ತಿದ್ದಳು, ಮೇಷ್ಟ್ರು ತನ್ನ ಪಾಠ ತಾನೇ ಮುರಿಯುವುದು ಹೇಗೆ? ಜೊತೆಗೆ, ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಭಯವೂ ಒಳಗೆಲ್ಲೋ ಇದ್ದಿರಬೇಕು.

"ಅರ್ಜೆಂಟೇನಿಲ್ಲ ಸರ್. ಅಕ್ಕನ್ನ ನೋಡಿ ತುಂಬಾ ದಿನ ಆಯ್ತು ಅಂತ."

"ಹಾಗಾದ್ರೆ ಸಂಜೆದ್ರಲ್ಲಿ ನೋಡೋಣ. ಈಗ ಆ ಕಂಬದ ಹಿಂದೆ ಹೋಗಿ ಕೂತ್ಕೋ ಮಾರಾಯ, ಜನ ನನಗಿಂತ ಜಾಸ್ತಿ ನಿನಗೆ ಕೈ ಮುಗೀತಿದ್ದಾರೆ."

ಸಂಜೆಯ ವಿಮಾನದಲ್ಲಿ ಸೀಟು ಸಿಕ್ಕಿತು. ಎಲ್ಲರೂ ಹತ್ತಿದ ಮೇಲೆ ಹುಡುಗಿ ಚೀಟಿ ಕೊಟ್ಟು "ಓಡಿ ಅಣ್ಣಾ" ಎಂದಳು. ಓಡಬಾರದು, ನಿಧಾನ ನಡೆಯಬೇಕು ಎಂಬ ಪಾಠವನ್ನು ಅವನು ಅವತ್ತು ಮುರಿದ. ಅದೊಂದನ್ನೇ.

ಒಳಗೆ ಹೋದರೆ ಅವನ ಸೀಟು ಮರದ ವ್ಯಾಪಾರಿಯ ಪಕ್ಕದಲ್ಲೇ. "ಬನ್ನಿ ಸಾಹೇಬ್ರೇ!" ಎಂದು ವ್ಯಾಪಾರಿ ಮೊಣಕೈ ಇಡುವ ಜಾಗವನ್ನೂ ಬಿಟ್ಟುಕೊಟ್ಟ. ಪೈಲಟ್ ಪಟ್ಟಿ ಬಿಗಿದುಕೊಂಡು ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಇನ್ನೇನು, ಕತ್ತಲಾಗುವ ಹೊತ್ತಿಗೆ ಅಕ್ಕನ ಹತ್ತಿರ. ಬೆಳಗಿನಿಂದ ಬಿಗಿದಿದ್ದ ಹೆಗಲು ಆಗ ಸ್ವಲ್ಪ ಸಡಿಲಾಯಿತು.

ಅಷ್ಟರಲ್ಲಿ ಗಗನಸಖಿ ಬಂದು ಅವನ ಕಡೆ ಬಾಗಿದಳು. ಹೊಸ ಹುಡುಗಿ, ಅವನನ್ನು ಬಲ್ಲವಳಲ್ಲ. "ಸರ್, ಕ್ಷಮಿಸಿ, ದಯವಿಟ್ಟು ಸ್ವಲ್ಪ ಏಳ್ತೀರಾ, ಯಾಕಂದ್ರೆ ಒಬ್ಬರು ತಾಯಿ..."

'ಏಳ್ತೀರಾ' ಎನ್ನುವುದರೊಳಗೆ ಪಟ್ಟಿ ಬಿಚ್ಚಿತ್ತು. 'ಯಾಕಂದ್ರೆ' ಎನ್ನುವಾಗ ಅವನು ನಿಂತಾಗಿತ್ತು. 'ತಾಯಿ' ಎನ್ನುವಷ್ಟರಲ್ಲಿ ಚೀಲ ಬಗಲಿಗೇರಿ, ಮುಖದಲ್ಲಿ ನಗು ಕೂತು, ಬಾಯಿ "ಪರವಾಗಿಲ್ಲಮ್ಮ, ಪರವಾಗಿಲ್ಲ" ಎನ್ನುತ್ತಿತ್ತು. ಕಾಲು ಬಾಗಿಲ ಕಡೆ ಹೊರಟಿತ್ತು. ಮನಸ್ಸು ಇನ್ನೂ ಸೀಟಿನಲ್ಲೇ ಕೂತಿತ್ತು, ಎದ್ದು ಬಂದದ್ದು ಅಷ್ಟು ವರ್ಷದ ಅಭ್ಯಾಸ. ಗಗನಸಖಿ ಆ ತಾಯಿಯನ್ನು ಕರೆತರಲು ಹಿಂದಕ್ಕೆ ತಿರುಗಿದ್ದಳು, ಇವನು ಯಾವ ಕಡೆ ಹೋದನೆಂದು ನೋಡಲಿಲ್ಲ.

ವ್ಯಾಪಾರಿ ಸುತ್ತಲಿನವರಿಗೆ ಹೇಳಿದ: "ನೋಡಿದ್ರಾ? ದೊಡ್ಡೋರು ಅಂದ್ರೆ ಹೀಗಿರ್ಬೇಕು!"

ಬಾಗಿಲಲ್ಲಿ ಹತ್ತಿದವರ ತಲೆ ಎಣಿಸುತ್ತಿದ್ದ ಗುಮಾಸ್ತ ನಿಂತಿದ್ದ. "ಯಾಕಣ್ಣಾ ಇಳೀತೀರಾ?"

"ಏಳಿ ಅಂದ್ರಪ್ಪ."

"ದುಡ್ಡು ಕೊಟ್ಟೋರು ಯಾರೋ ಬಂದಿರಬೇಕು."

"ಬಂದಿರಬೇಕು."

ಗುಮಾಸ್ತ ಒಂದು ತಲೆ ಕಡಿಮೆ ಮಾಡಿದ. ಲೋಕದ ಅನಾಹುತಗಳಲ್ಲಿ ಅರ್ಧ ಕೆಟ್ಟವರಿಂದ ಆಗುವುದಿಲ್ಲ, 'ಇರಬೇಕು' ಎಂದುಕೊಂಡು ಸುಮ್ಮನಾಗುವ ಒಳ್ಳೆಯವರಿಂದ ಆಗುತ್ತದೆ. ಬಾಗಿಲು ಮುಚ್ಚಿತು.

ಅವನು ಕಂಬದ ಹಿಂದಿನ ಕುರ್ಚಿಗೆ ವಾಪಸು ಬಂದು ಕೂತ. ಸ್ವಲ್ಪ ಹೊತ್ತಿಗೆ ಕೌಂಟರಿನ ಹುಡುಗಿ ಬೀಗ ಹಾಕಿಕೊಂಡು ಹೊರಟವಳು ಅವನನ್ನು ಕಂಡು ಬೆಚ್ಚಿಬಿದ್ದಳು.

"ಅಣ್ಣಾ! ನೀವಿನ್ನೂ ಇಲ್ಲೇ ಇದ್ದೀರಾ?"

"ಏಳಿ ಅಂದ್ರಲ್ಲಮ್ಮ."

"ಯಾರು? ಅಷ್ಟೊತ್ತಿಗೆ ಯಾರೂ ಬರಲೇ ಇಲ್ವಲ್ಲ!" ಅವಳು ಅಲ್ಲಿಂದಲೇ ಯಾರಿಗೋ ಫೋನು ಮಾಡಿದಳು, ಅವರು ರೇಡಿಯೋದಲ್ಲಿ ವಿಮಾನದವರನ್ನು ಕೇಳಿದರು. ಕೇಳುತ್ತಾ ಕೇಳುತ್ತಾ ಅವಳ ಮುಖ ಸಣ್ಣಗಾಯಿತು. "ಅಣ್ಣಾ... ತಾಯಿ ಮಗು ಬೇರೆ ಬೇರೆ ಕಡೆ ಕೂತಿದ್ರಂತೆ. ನಿಮ್ಮನ್ನ ಒಂದು ಸಾಲು ಹಿಂದೆ ಹೋಗಿ ಕೂರ್ತೀರಾ ಅಂತ ಕೇಳೋಕೆ ಆ ಗಗನಸಖಿ ಬಂದಿದ್ದಳಂತೆ. ಆ ತಾಯಿ ಕೂತಿದ್ದ ಕಿಟಕಿ ಸೀಟು. ಖಾಲಿನೇ ಹೋಯ್ತು."

ಪೈಲಟ್ ನಗಲು ನೋಡಿದ. ಆ ನಗು ಅರ್ಧಕ್ಕೆ ಬಂದು ಒಡೆಯಿತು. "ನಮ್ಮಕ್ಕನಿಗೆ ಜಾಸ್ತಿಯಾಗಿದೆ ಕಣಮ್ಮ," ಎಂದ.

"ಬೆಳಗ್ಗೆನೇ ಯಾಕಣ್ಣಾ ಹೇಳ್ಲಿಲ್ಲ? ಮಧ್ಯಾಹ್ನದ್ರಲ್ಲೇ ಕಳಿಸ್ತಿದ್ವಲ್ಲ! ಒಂದು ಮಾತು ಹೇಳಿದ್ರೆ ಸಾಹೇಬ್ರು..." ಅವಳಿಗೆ ಅಳು ಬಂತು. ಆಮೇಲೆ ಸಿಟ್ಟು ಬಂತು. "ಇಷ್ಟು ಹೊತ್ತು ಯಾರ್ಯಾರದೋ ದೂರೆಲ್ಲ ಕೇಳಿದ್ರಿ, ನಿಮ್ಮದು ಒಂದು ಹೇಳ್ಲಿಲ್ವಲ್ಲ!"

ಮ್ಯಾನೇಜರಿಗೆ ತಿಳಿದು, ಅವರು ತಾವೇ ನಿಂತು ಬೆಳಗಿನ ವಿಮಾನದಲ್ಲಿ ಗಟ್ಟಿ ಸೀಟು ಬರೆಸಿಕೊಟ್ಟರು. ಇವನನ್ನು ಬೈಯಬೇಕೋ ಸಮಾಧಾನ ಮಾಡಬೇಕೋ ಗೊತ್ತಾಗದೆ, "ಆ ಬಿಸ್ಕತ್ತಿನ ದಿನ ನಾನು ನಿನ್ನ ಹೊಗಳಬಾರದಿತ್ತು ಕಣಯ್ಯಾ," ಎಂದರು.

ಮರುದಿನ ಬೆಳಗ್ಗೆ ಅವನು ಹೋಗಿ ಇಳಿದಾಗ ಭಾವನ ಮನೆಯ ಮುಂದೆ ಬಾಡಿಗೆ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಕುರ್ಚಿ ನೋಡಿದ ಮೇಲೆ ಅವನು ಯಾರನ್ನೂ ಏನೂ ಕೇಳಲಿಲ್ಲ.

ಕುರ್ಚಿಯಲ್ಲಿದ್ದವರು ಕೇಳಿದರು. ಬಳಗವೆಂದರೆ ಹಾಗೆಯೇ, ಕಣ್ಣೀರು ಒರೆಸಿಕೊಳ್ಳಲು ಒಂದು ಕೈ, ಕೆದಕಲು ಇನ್ನೊಂದು ಕೈ.

"ನಿನ್ನೆ ಸಂಜೆ ವಿಮಾನದಲ್ಲಿ ಬರಲಿಲ್ವೇನೋ?" ಎಂದಳು ಚಿಕ್ಕಮ್ಮ.

"ಹತ್ತಿದ್ದೆ ಚಿಕ್ಕಮ್ಮ. ಇಳಿದುಬಿಟ್ಟೆ."

"ಇಳಿದ್ಯಾ? ಯಾಕೆ?"

"ಏಳಿ ಅಂದ್ರು."

"ಪೈಲಟ್ಟನ್ನೇ ಏಳು ಅಂದ್ರಾ! ನೀನು ಇಳಿದ ಮೇಲೆ ಅದನ್ನ ಓಡಿಸಿದ್ದು ಯಾರು ಮತ್ತೆ?"

ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಆ ಚಿಕ್ಕಮ್ಮ ತಮಾಷೆಗೆ ಕೇಳಿದವಳಲ್ಲ, ಅವಳು ನಿಜವಾಗಿಯೂ ತಿಳಿಯಬೇಕೆಂದಿದ್ದಳು. ಅವನು ಅವಳ ಕಾಲಬಳಿ ಕೂತು, ತಾನು ಕಳೆದುಹೋದ ಪೆಟ್ಟಿಗೆಗಳ ಕಿಟಕಿಯಲ್ಲಿ ಕೂರುವವನೆಂದು ಹೇಳಿದ. ಅವಳಿಗೆ ಅರ್ಧ ಅರ್ಥವಾಯಿತು. "ಅಷ್ಟೇನಾ?" ಎಂದು ಅವನ ತಲೆ ಸವರಿದಳು.

ಭಾವ ಅವನನ್ನು ಒಳಗೆ ಕರೆದೊಯ್ದ. ಅವನ ಜೋರು ಧ್ವನಿ ಆ ಒಂದು ರಾತ್ರಿಯಲ್ಲಿ ಎಲ್ಲೋ ಇಂಗಿಹೋಗಿತ್ತು.

"ನಿನ್ನೆ ಕತ್ತಲಾಗೋ ಹೊತ್ತಿಗೆ ಆಸ್ಪತ್ರೆ ಮೇಲೆ ವಿಮಾನ ಹೋಯ್ತು. ಸದ್ದು ಕೇಳಿ ಕಣ್ಣು ಬಿಟ್ಟಳು. 'ಬಂದ' ಅಂದಳು. ನಾನೂ ಹೌದು ಅಂದೆ. ತಲೆ ಬಾಚು ಅಂತ ಮಗಳಿಗೆ ಹೇಳಿದಳು. ಬಾಚಿಸ್ಕೊಂಡು ಬಾಗಿಲನ್ನೇ ನೋಡ್ತಾ ಮಲಗಿದ್ದಳು. ಆಮೇಲೂ ಬಹಳ ಹೊತ್ತು ಇದ್ದಳಪ್ಪ." ಭಾವ ಮೂಗು ಒರೆಸಿಕೊಂಡ. "ನಿನ್ನ ಹತ್ರ ಏನೋ ಹೇಳೋದಿದೆ ಅಂತಿದ್ದಳು. ನನಗೆ ಹೇಳು, ನಾನು ಹೇಳ್ತೀನಿ ಅಂದೆ. 'ನಿಮಗಲ್ಲ, ಅವನಿಗೇ' ಅಂದಳು."

"ಏನಿರಬಹುದು ಭಾವ?"

"ಯಾರಿಗೆ ಗೊತ್ತೋ."

ವಾಪಸು ಬಂದ ಮೇಲೆ ಅವನು ಹೊಸಬರಿಗೆ ಪಾಠ ಹೇಳುವುದನ್ನು ಬಿಡಲಿಲ್ಲ; ತಿದ್ದಿದ. ಮನೆಯಲ್ಲಿ ಕಷ್ಟವಿದ್ದರೆ ಕೌಂಟರಿನಲ್ಲಿ ಮೊದಲು ಅದನ್ನೇ ಹೇಳಿ, ಯಾರಾದರೂ ಮಾತಾಡಿಸಿದರೆ ಪೂರ್ತಿ ಕೇಳಿಸಿಕೊಂಡು ಆಮೇಲೆ ಏಳಿ ಎಂದು ಹೇಳಿಕೊಡತೊಡಗಿದ. ಆ ಪಾಠದಿಂದ ಸಾಮಾನು ಹೊರುವವನೊಬ್ಬ ಸಾಯುತ್ತಿದ್ದ ತನ್ನ ತಂದೆಯ ಕೈ ಹಿಡಿದುಕೊಳ್ಳುವ ಹೊತ್ತಿಗೆ ಊರು ಮುಟ್ಟಿದ. ಬೀದಿಯವರು ಅವನನ್ನು ಪೈಲಟ್ ಎನ್ನುವುದು ನಿಂತುಹೋಯಿತು, ಅದರಿಂದ ಯಾರಿಗೂ ನಷ್ಟವಾಗಲಿಲ್ಲ. ಅಕ್ಕ ಹೋದಳು, ಡಾಕ್ಟರು ಹೇಳಿದ ಪ್ರಕಾರ ಅದು ಅವನು ಬಂದಿದ್ದರೂ ತಪ್ಪುತ್ತಿರಲಿಲ್ಲ. ಅವಳು ಅವನಿಗೇ ಎಂದು ಇಟ್ಟುಕೊಂಡಿದ್ದ ಮಾತು ಏನೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ.